ಆನೆಯ ಕಾಲಿನ ಒಂದು ಚುಕ್ಕಿ

ಕಳೆದ ವರ್ಷ ಜುಲೈ ಎರಡನೆಯ ವಾರದ ಮಂಗಳವಾರ, ಯರಗುಪ್ಪಿಯ ನಮ್ಮ ಅಣ್ಣನ ಮನೆಯಲ್ಲಿ ಮುದ್ರಿಸಿ ಹಂಚಿದ ಕಸೂತಿ ನಕ್ಷೆಯೊಂದರಲ್ಲಿ ಆನೆಯ ಹಿಂಗಾಲಿನ ಒಂದು ಚುಕ್ಕಿ ಇರಲಿಲ್ಲ. ನಕ್ಷೆ ಮಾಡಿದವರು ಅಣ್ಣನ ಹೆಂಡತಿ, ನನ್ನ ವೈನಿ. ತಪ್ಪನ್ನು ಮೊದಲು ಹೇಳಿದವಳು ಅವರ ಹತ್ತಿರ ಕಸೂತಿ ಕಲಿಯಲು ಕುಬಿಹಾಳದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಸೊಸೆ.

"ಅಕ್ಕಾರ, ಇಲ್ಲಿ ದಾರ ತಿರುಗಿ ಬರವಲ್ದರಿ," ಎಂದಳಂತೆ.

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಾಯುತ್ತ ಚಿತ್ರದ ಕೊನೆ ಮುಟ್ಟಿ, ಬಿಟ್ಟ ಮನೆಗಳನ್ನು ತುಂಬಿಕೊಳ್ಳುತ್ತ ಹೊರಟಲ್ಲಿಗೇ ಮರಳಬೇಕು. ಬಟ್ಟೆಯ ಮುಂಬದಿ, ಹಿಂಬದಿ ಎರಡೂ ಒಂದೇ ಥರ ಕಾಣಬೇಕು. ನಕ್ಷೆಯಲ್ಲಿ ಒಂದು ಚುಕ್ಕಿ ಎಂದರೆ ಬಟ್ಟೆಯ ಮೇಲೆ ಒಂದು ಹೊಲಿಗೆ. ನಡುವೆ ಒಂದು ಚುಕ್ಕಿ ಇಲ್ಲದಿದ್ದರೆ ದಾರ ಹೋಗುತ್ತದೆ, ಬರುವುದಕ್ಕೆ ಹಾದಿ ಇರುವುದಿಲ್ಲ.

ವೈನಿಯ ಕಣ್ಣಿಗೆ ಕೆಲವು ವರ್ಷಗಳಿಂದ ತೊಂದರೆ ಇದೆ. ಕಣ್ಣಿನೊಳಗೆ ಒತ್ತಡ ಹೆಚ್ಚಿ, ಕಾಣುವ ಜಾಗ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಎಂದು ಹುಬ್ಬಳ್ಳಿಯ ಡಾಕ್ಟರರು ಹೇಳಿದ್ದರು. ಅದನ್ನು ಕೇಳಿ ಬಂದ ವಾರವೇ ಅವರು ಕಂಪ್ಯೂಟರ್ ಕೇಳಿದರು. ತಮ್ಮ ತಾಯಿಯಿಂದಲೂ ನಮ್ಮ ಅವ್ವನಿಂದಲೂ ಕಲಿತ ನಕ್ಷೆಗಳು ಅವರ ಕೈಯಲ್ಲಿದ್ದವು, ಕಾಗದದ ಮೇಲೆ ಇರಲಿಲ್ಲ. ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಪುಟ ಕಟ್ಟುವ ಕೆಲಸ ಮಾಡಿ ನಿವೃತ್ತನಾದವನು, ಈಗ ಇರುವುದು ಕುಂದಗೋಳದಲ್ಲಿ. ಆಫೀಸಿನಲ್ಲಿ ಹಳೆಯ ಯಂತ್ರಗಳನ್ನು ತೆಗೆದಾಗ ಒಂದನ್ನು ತಂದು ಅವರ ನಡುಮನೆಯಲ್ಲಿ ಇಟ್ಟೆ.

ಚಿತ್ರ ಬರೆಯುವ ಸಾದಾ ಪ್ರೋಗ್ರಾಮಿನಲ್ಲಿ ಪರದೆಯನ್ನು ಆದಷ್ಟು ಹಿಗ್ಗಿಸಿಕೊಂಡು, ಒಂದೊಂದೇ ಚುಕ್ಕಿ ಇಟ್ಟು ಅವರು ನಕ್ಷೆ ಮಾಡುತ್ತಿದ್ದರು. ಒಮ್ಮೆಗೆ ಅವರಿಗೆ ಕಾಣುತ್ತಿದ್ದದ್ದು ಆನೆಯ ಒಂದು ಉಗುರು, ಗೋಪುರದ ಒಂದು ಮೆಟ್ಟಿಲು. ಉಳಿದದ್ದೆಲ್ಲ ಎಣಿಕೆ. ಮಧ್ಯಾಹ್ನ ಊಟವಾದ ಮೇಲೆ ಕೂತರೆ ಎಮ್ಮೆ ಹಿಂಡುವ ಹೊತ್ತಿಗೆ ಏಳುತ್ತಿದ್ದರು. ಪ್ರತಿ ಅಮಾವಾಸ್ಯೆಗೆ, ಎತ್ತಿಗೆ ಬಿಡುವು ಕೊಡುವ ದಿನ, ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಅದನ್ನು ದೇವರ ಜಗಲಿಯ ಡಬ್ಬಿಯಲ್ಲಿ ಇಡುತ್ತಿದ್ದರು.

ಆ ಮಂಗಳವಾರ ಸಂಜೆ ನನಗೆ ಫೋನ್ ಬಂತು.

"ಮೈದನಾರ, ನನ್ನ ಕಣ್ಣು ಪೂರಾ ಹೋದಂಗ ಆತ್ರಿ," ಎಂದರು ವೈನಿ. "ಆನೀ ಕಾಲಾಗ ಚುಕ್ಕಿ ಬಿಟ್ಟೀನಿ. ಹೋದ ವಾರ ಗೋಪುರದಾಗೂ ಒಂದ ಬಿಟ್ಟಿದ್ನಂತ. ಇನ್ನ ಪಾಠ ಸಾಕ ಮಾಡ್ತೀನಿ. ಮಂದೀ ಸೀರಿ ಕೆಡಸೂದು ಬ್ಯಾಡ."

"ಗಡಬಡಿ ಮಾಡಬ್ಯಾಡ್ರಿ ವೈನಿ. ನಾಳಿ ಬರ್ತೀನಿ."

"ಬಂದು ಏನ್ ಮಾಡ್ತೀರಿ? ನೀವೇನ್ ಕಣ್ಣಿನ ಡಾಕ್ಟರೇನು?"

ಫೋನ್ ಇಟ್ಟ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದೆ. ಹಿಂದೊಮ್ಮೆ ಹುಬ್ಬಳ್ಳಿಯಲ್ಲಿ ದೊಡ್ಡದಾಗಿ ಮುದ್ರಿಸಿ ತರಲೆಂದು ಅವರು ಆನೆ ಮತ್ತು ಗೋಪುರದ ನಕ್ಷೆಗಳನ್ನು ನನಗೆ ಕಳಿಸಿದ್ದರು. ಆನೆಯ ಹಿಂಗಾಲನ್ನು ಹಿಗ್ಗಿಸಿ ನೋಡಿದೆ. ಚುಕ್ಕಿ ಅಲ್ಲಿತ್ತು. ಗೋಪುರದಲ್ಲೂ ಯಾವುದೂ ತಪ್ಪಿರಲಿಲ್ಲ.

ಮರುದಿನ ಯರಗುಪ್ಪಿಗೆ ಹೋದಾಗ ವೈನಿಗೆ ಇದನ್ನು ತೋರಿಸಿದೆ. ಪರದೆಗೆ ಮೂಗು ತಾಗಿಸಿ ನೋಡಿದರು. ಎರಡೆರಡು ಸಲ ಎಣಿಸಿದರು.

"ಹಂಗಾರ ಇಟ್ಟದ್ದ ಚುಕ್ಕಿ ಎಲ್ಲಿ ಹೋತು?"

ಅದೇ ಪ್ರಶ್ನೆ ನನ್ನದೂ ಆಗಿತ್ತು. ಅವರ ಯಂತ್ರ ಚಾಲೂ ಮಾಡಿ ಕೂತೆ. ಸ್ವಲ್ಪ ಹೊತ್ತು ಚೆನ್ನಾಗಿತ್ತು. ಆಮೇಲೆ ಪರದೆ ಹಾಗೇ ನಿಂತಿತು, ಮೌಸ್ ಅಲುಗಾಡಲಿಲ್ಲ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಒಮ್ಮೆ ನೀಲಿ ಪರದೆ ಬಂತು, ಇನ್ನೊಮ್ಮೆ ತಾನೇ ಬಂದಾಗಿ ತಾನೇ ಎದ್ದಿತು. ಯಾವಾಗಿನಿಂದ ಹೀಗೆ ಎಂದು ಅಣ್ಣನನ್ನು ಕೇಳಿದೆ.

"ಬಿತ್ತಿಗಿ ಆದ ಮ್ಯಾಲಿಂದ," ಎಂದ. "ಧೂಳ ಕುಂತಿರಬೇಕು. ನಮ್ಮ ಎರಿಮಣ್ಣು ಎಲ್ಲಿ ಹೋಗಂಗಿಲ್ಲ ಹೇಳು? ಚಾದಾಗ ಇರ್ತೈತಿ, ಮಷೀನಿನ್ಯಾಗ ಇರಂಗಿಲ್ಲೇನು?"

ಕಂಪ್ಯೂಟರಿನ ಡಬ್ಬಿಯ ಬಾಜು ಬಿಚ್ಚಿದೆ. ಧೂಳು ಇತ್ತು, ಆದರೆ ಕಂಡದ್ದು ಬೇರೆ. ಮದರ್‌ಬೋರ್ಡಿನ ಎರಡು ಸಂದುಗಳಲ್ಲಿ ಎರಡು ರ‍್ಯಾಮ್ ಪಟ್ಟಿಗಳಿದ್ದವು. ನಾನು ತಂದುಕೊಟ್ಟಾಗ ಇದ್ದದ್ದು ಒಂದೇ. ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಎಲ್ಲವನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ. ತೆರೆದ ಚಿತ್ರ, ಇಟ್ಟ ಚುಕ್ಕಿ, ಉಳಿಸುವ ಕಡತ, ಎಲ್ಲವೂ ಅದನ್ನು ಹಾದೇ ಹೋಗಬೇಕು. ಅಲ್ಲಿ ತಪ್ಪಾದರೆ ಯಂತ್ರ ನಿಲ್ಲಬಹುದು. ನಿಲ್ಲದೆ, ಯಾರಿಗೂ ಹೇಳದೆ, ಒಂದು ಚುಕ್ಕಿ ಕಳೆದು ಉಳಿದದ್ದನ್ನು ಸರಿಯಾಗಿ ಉಳಿಸಲೂಬಹುದು.

ಎರಡನೆಯ ಪಟ್ಟಿ ಬಾಜು ಮನೆಯ ಕಾಕಾನದು. ಪಂಚಾಯಿತಿ ಹತ್ತಿರ ಅವನ ಸಣ್ಣ ಅಂಗಡಿ ಇದೆ. ಪಿಂಚಣಿ, ಪಹಣಿ, ಬೆಳೆ ವಿಮೆಯ ಅರ್ಜಿಗಳನ್ನು ಅಲ್ಲಿ ಆನ್‌ಲೈನ್ ತುಂಬಿಸುತ್ತಾರೆ. ಅವನು ಎತ್ತು ಮಾರಿ ಬಹಳ ದಿನವಾಗಿತ್ತು. ಅವನ ಹತ್ತಿ ಹೊಲದಲ್ಲಿ ಸಾಲಿನ ನಡುವೆ ಕಳೆ ತೆಗೆಯುವ ಎಡೆ ಹೊಡೆಯಲು ನಮ್ಮ ಅಣ್ಣನ ಎತ್ತು ಹೋಗುತ್ತಿದ್ದವು. ಕಂಪ್ಯೂಟರ್ ನಿಧಾನ ಎಂದು ವೈನಿ ಒಮ್ಮೆ ಅಂದದ್ದನ್ನು ಕೇಳಿ, ಅಂಗಡಿಯ ಹಳೆಯ ಯಂತ್ರದಿಂದ ಪಟ್ಟಿ ತೆಗೆದು ತಂದು ಅವನೇ ಕೂರಿಸಿ ಹೋಗಿದ್ದ. ಇದು ಮುಯ್ಯಿ. ನಮ್ಮ ಕಡೆ ಆಳಿಗೆ ಆಳು, ಎತ್ತಿಗೆ ಎತ್ತು ಕೊಟ್ಟು ತೀರಿಸುವ ಲೆಕ್ಕ. ಎತ್ತಿಗೆ ರ‍್ಯಾಮ್ ಬಂದದ್ದು ನಾನು ಕಂಡಂತೆ ಅದೇ ಮೊದಲು.

ಮೊದಲು ಸುಲಭದ ಕೆಲಸ ಮಾಡಿದೆ. ಎರಡೂ ಪಟ್ಟಿಗಳನ್ನು ತೆಗೆದು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಅಳಿಸುವ ರಬ್ಬರಿನಿಂದ ಉಜ್ಜಿ, ಸಂದುಗಳ ಧೂಳು ಊದಿ, ಮತ್ತೆ ಒತ್ತಿ ಕೂರಿಸಿದೆ. ಸರಿಯಾಗಲಿಲ್ಲ. ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು ಹಾಕಿ ನೋಡಿದೆ. ಒಂದು ಗಂಟೆ ನಡೆದು ಮತ್ತೆ ನಿಂತಿತು.

"ಕಾಕಾನದನ್ನ ತಗದು ನೋಡೂಣು," ಎಂದೆ.

ಅಣ್ಣ ಎದ್ದು ನಿಂತ. "ಅದನ್ನ ಮುಟ್ಟಬ್ಯಾಡ."

"ಯಾಕ?"

"ಎಡಿ ಇನ್ನೂ ಮುಗದಿಲ್ಲ. ನಡುವ ತಿರುಗಿ ಕೊಟ್ರ ಅಂವ ಏನ್ ತಿಳಕೋತಾನ? ಮುಯ್ಯಿಗೆ ಬಂದ ಎತ್ತಿನ ಹಲ್ಲ ಎಣಸ್ತಾರೇನಲೇ ತಮ್ಮಾ?"

ಒಳಗಿನಿಂದ ವೈನಿಯ ದನಿ ಬಂತು. "ಎತ್ತಿನ ಹಲ್ಲ ಎಣಸಬ್ಯಾಡ್ರಿ. ನನ್ನ ಕಣ್ಣ ಎಣಸ್ರಿ, ಸೋವಿ ಆಗ್ತೈತಿ."

ಅಣ್ಣ ಆ ಪಟ್ಟಿಯನ್ನು ತೆಗೆಯಲು ಬಿಡಲಿಲ್ಲ.

ಎರಡನ್ನೂ ಇಟ್ಟುಕೊಂಡೇ ಪರೀಕ್ಷೆ ಮಾಡುವುದೆಂದು ಆಯಿತು. ರ‍್ಯಾಮನ್ನು ಪರೀಕ್ಷಿಸುವ ಒಂದು ಪ್ರೋಗ್ರಾಮ್ ಇದೆ. ಅದನ್ನು ಪೆನ್‌ಡ್ರೈವಿನಿಂದ ನಡೆಸಬಹುದು. ಅದು ರ‍್ಯಾಮಿನ ಮೂಲೆಮೂಲೆಯಲ್ಲಿ ಏನಾದರೂ ಬರೆಯುತ್ತದೆ, ತಿರುಗಿ ಓದುತ್ತದೆ. ಬರೆದದ್ದೇ ಓದಿಗೆ ಸಿಕ್ಕರೆ ಸರಿ. ಬೇರೆ ಸಿಕ್ಕರೆ ಪರದೆಯ ಮೇಲೆ ಕೆಂಪು ಸಾಲು ಬರುತ್ತದೆ. ಪೂರ್ತಿ ಆಗಲು ತಾಸುಗಟ್ಟಲೆ ಬೇಕು, ನಡುವೆ ಕರೆಂಟ್ ಹೋಗಬಾರದು. ಯರಗುಪ್ಪಿಯಲ್ಲಿ ಆ ವಾರ ಅಷ್ಟು ಹೊತ್ತು ಕರೆಂಟ್ ಒಟ್ಟಿಗೆ ಇರುತ್ತಿರಲಿಲ್ಲ. ಯುಪಿಎಸ್ ಇದ್ದದ್ದು ಕೆಲಸ ಉಳಿಸಿ ಬಂದ್ ಮಾಡುವಷ್ಟಕ್ಕೆ ಮಾತ್ರ. ಪರೀಕ್ಷೆ ಅರ್ಧಕ್ಕೆ ಬಂದಾಗ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ನಾನು ಕುಂದಗೋಳಕ್ಕೆ ಹೋಗಲಿಲ್ಲ, ಅಲ್ಲೇ ಉಳಿದೆ.

ವೈನಿ ಆ ದಿನಗಳಲ್ಲಿ ಯಂತ್ರ ಇದ್ದ ಮೂಲೆಗೆ ಬರುತ್ತಿರಲಿಲ್ಲ. ಜೋಳ ಹಸನು ಮಾಡುವಾಗ ಮೊರವನ್ನು ಬೆಳಕಿಗೆ ಹಿಡಿದು ಒಂದೊಂದೇ ಹರಳು ನೋಡುತ್ತಿದ್ದರು. ಹರಳು ಸಿಕ್ಕರೆ ಬೆರಳಲ್ಲಿ ತಿರುಗಿಸಿ ಬಾಗಿಲ ಕಡೆ ಎಸೆಯುತ್ತಿದ್ದರು. ಅಣ್ಣ ಉಂಡ ಅನ್ನದಲ್ಲಿ ಏನಾದರೂ ಸಿಕ್ಕಿತೇ ಎಂದು ಎರಡು ಊಟಗಳಲ್ಲಿ ಕೇಳಿದರು.

ಶನಿವಾರ ಮಧ್ಯಾಹ್ನ ಕರೆಂಟ್ ಉಳಿಯಿತು. ಪರದೆಯ ಕೆಳಭಾಗದಲ್ಲಿ ಕೆಂಪು ಸಾಲು ಬಂದವು, ಒಂದಲ್ಲ, ಸಾಲುಸಾಲು. ವೈನಿಯನ್ನು ಕರೆದೆ.

"ಕೆಂಪಂದ್ರ ಏನ್ರಿ?"

"ಮಷೀನು ಬರದದ್ದನ್ನ ತಿರುಗಿ ಓದಿದ್ರ ಬ್ಯಾರೇನ ಬರಾಕತ್ತೇತಿ ಅಂತ."

"ಹಂಗಾರ ನಾ ಬರದದ್ದೂ?"

"ಅದೂ ಹಂಗ ಆಗಿರಬಹುದು."

"ಆಗಿರಬಹುದೋ, ಆಗೇತ್ಯೋ?"

"ಆನಿ, ಗೋಪುರ ಎರಡರಾಗ ಆಗೇತಿ. ನನ್ನ ಕಡೆ ಇರೂ ಹಳೇ ನಕ್ಷ್ಯಾಗ ಚುಕ್ಕಿ ಅದಾವ. ಉಳಿದದ್ದು ಗೊತ್ತಿಲ್ಲ."

ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಬಣ್ಣ ಅವರಿಗೆ ಚೆನ್ನಾಗಿ ಕಾಣುತ್ತದೆ.

ಊರಲ್ಲಿ ಇಂಥದ್ದು ಅಡಗುವುದಿಲ್ಲ. ಸಂಜೆಗೆ ಕಾಕಾ ಹೆಗಲ ಮೇಲಿನ ಟವೆಲ್ ಝಾಡಿಸುತ್ತ ನೇರ ಒಳಗೆ ಬಂದ.

"ಏನಪಾ ಪೇಪರಿನ್ಯಾವಾ, ನಮ್ಮ ರ‍್ಯಾಮಿಗೆ ರೋಗ ಬಂದೇತಂತಲ್ಲ?"

"ಯಾವುದಕ್ಕ ಬಂದೇತಿ ಅಂತ ಇನ್ನೂ ಗೊತ್ತಾಗಿಲ್ಲ ಕಾಕಾ."

"ಗೊತ್ತಾಗಿಲ್ಲಂದ್ರ ಊರಾಗೆಲ್ಲಾ ಹೆಂಗ ಗೊತ್ತಾತು? ಹಿಟ್ಟಿನ ಗಿರಣ್ಯಾಗ ಕೇಳಿ ಬಂದೀನಿ. ಅದು ನಮ್ಮ ಅಂಗಡ್ಯಾಗ ವರ್ಷಾನಗಟ್ಲೆ ದುಡದೇತಿ. ಒಬ್ಬ ಮುದುಕೀ ಪಿಂಚಣಿ ತಪ್ಪಿಸಿಲ್ಲ!"

"ಕುಂದ್ರೋ, ಚಾ ಕುಡಿ," ಎಂದ ಅಣ್ಣ.

"ಚಾ ಆಮ್ಯಾಲ. ತಮ್ಮಾ, ನಂದೊಂದನ್ನ ಇಟ್ಟು ನೋಡು. ನಿಂದು ತಗಿ. ನನ್ನ ಕಣ್ಣಮುಂದ ಆಗ್ಲಿ."

ಅಣ್ಣ ಮೂರು ದಿನ ತಡೆದದ್ದನ್ನು ಕಾಕಾ ತಾನೇ ಬಂದು ಮಾಡಿಸಿದ. ಭಾನುವಾರ ಬೆಳಗ್ಗೆ ಅವನ ಪಟ್ಟಿಯೊಂದನ್ನೇ ಇಟ್ಟು ಪರೀಕ್ಷೆ ಹಚ್ಚಿದೆ. ಅವನು ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. ಎರಡು ಸಲ ಎದ್ದು ಹೋಗಿ ಅಂಗಡಿ ನೋಡಿ ಬಂದ. ಕರೆಂಟ್ ಅವನ ಮರ್ಯಾದೆ ಉಳಿಸಿತು. ಒಂದೂ ಕೆಂಪು ಸಾಲು ಬರಲಿಲ್ಲ.

"ನೋಡಿದಿ? ಈಗ ನಿಂದ ಇಡು."

ಎಲ್ಲರೂ ನಾನು ತಂದುಕೊಟ್ಟ ಪಟ್ಟಿಯ ಕಡೆ ನೋಡಿದರು. ಅದನ್ನೂ ಒಂದನ್ನೇ ಇಟ್ಟು ನಡೆಸಿದೆ. ಅದು ಮುಗಿದದ್ದು ಮರುದಿನ. ಅದರಲ್ಲೂ ತಪ್ಪಿರಲಿಲ್ಲ. ಕೊನೆಗೆ ಎರಡನ್ನೂ ಕೂಡಿಸಿ ಇಟ್ಟಾಗ ಚಹಾ ತಣ್ಣಗಾಗುವುದರೊಳಗೆ ಕೆಂಪು ಸಾಲು ಶುರುವಾದವು.

ಇದಕ್ಕೆ ಕಾರಣ ಸರಳ. ಎರಡೂ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ವೇಗದವು. ಒಂದೇ ಬೋರ್ಡಿನಲ್ಲಿ ಕೂಡಿಸಿದಾಗ ಬೋರ್ಡು ಎರಡಕ್ಕೂ ಒಂದೇ ವೇಗ ಹಾಕುತ್ತದೆ. ಎಷ್ಟೋ ಸಲ ಅದು ನಡೆಯುತ್ತದೆ. ಇಲ್ಲಿ ನಡೆದಿರಲಿಲ್ಲ. ಹಾಳಾದ ಪಟ್ಟಿ ಯಾವುದೂ ಇರಲಿಲ್ಲ.

"ಎರಡೂ ಛಲೋ ಅದಾವ ಅಂದಂಗಾತು," ಎಂದ ಕಾಕಾ. "ಒಂದ ನೊಗಕ್ಕ ಕಟ್ಟಾಕ ಬರಂಗಿಲ್ಲ, ಅಷ್ಟ." ನಂತರ ಒಳಗಿನ ಕಡೆ ಮುಖ ಮಾಡಿ, "ತಂಗೀ, ನಿನ್ನ ಕಣ್ಣಿಂದಲ್ಲವಾ ಇದು. ಮಷೀನಿಂದು. ಸುಮ್ನ ಪಾಠ ನಡಸು," ಎಂದ.

ತನ್ನ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದ. ಮರುದಿನ ಅಣ್ಣನ ಎತ್ತು ಅವನ ಹೊಲಕ್ಕೆ ಹೋದವು.

ಮನೆಯಲ್ಲಿ ಎಲ್ಲರೂ ಹಗುರಾದರು. ವೈನಿ ಅವತ್ತು ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜಿ ಕರಿದರು. ನನ್ನ ಲ್ಯಾಪ್‌ಟಾಪಿನಿಂದ ಆನೆ, ಗೋಪುರ ಎರಡನ್ನೂ ತಿರುಗಿ ಹಾಕಿದೆವು. ಒಂದೇ ಪಟ್ಟಿಯ ಮೇಲೆ ಯಂತ್ರ ನಿಧಾನವಾಗಿ, ಆದರೆ ನಿಲ್ಲದೆ ನಡೆಯಿತು.

ಉಳಿದ ನಕ್ಷೆಗಳ ಪ್ರಶ್ನೆ ಇತ್ತು. ಕಾಕಾನ ಪಟ್ಟಿ ಬಂದು ಯಂತ್ರ ಚುರುಕಾದ ಖುಷಿಯಲ್ಲಿ ವೈನಿ ಎಲ್ಲ ನಕ್ಷೆಗಳನ್ನೂ ತೆರೆದು, ಅಂಚಿನಲ್ಲಿ ಅವುಗಳ ಹೆಸರು ಸೇರಿಸಿ, ಮತ್ತೆ ಉಳಿಸಿದ್ದರು. ನಂತರದ ಅಮಾವಾಸ್ಯೆಗೆ ಪೆನ್‌ಡ್ರೈವಿನಲ್ಲಿದ್ದ ಹಳೆಯದರ ಮೇಲೆಯೇ ಹೊಸದನ್ನು ಹಾಕಿದ್ದರು. ಯಾವುದರಲ್ಲಿ ಯಾವ ಚುಕ್ಕಿ ಹೋಗಿದೆ ಎಂದು ಹೇಳಲು ಹಳೆಯ ಪ್ರತಿ ಇರಲಿಲ್ಲ. ತುಳಸಿ ಕಟ್ಟೆ, ನವಿಲು, ತೊಟ್ಟಿಲು, ಹೀಗೆ ಹತ್ತಾರು. ತೊಟ್ಟಿಲು ಅವರ ತಾಯಿಯ ನಕ್ಷೆ. ಅವರ ತವರಿನಲ್ಲೂ ಈಗ ಅದನ್ನು ಹೊಲಿಯುವವರು ಯಾರೂ ಇಲ್ಲ.

ದಾರಿ ಹುಡುಕಿದವರು ವೈನಿಯೇ. "ಕಾಗದ ಇಲ್ಲಂದ್ರ ಅರಿವಿ ಐತೆಲ್ಲ," ಎಂದರು. ಕಾಕಾನ ಪಟ್ಟಿ ಬರುವುದಕ್ಕೆ ಮೊದಲು ಈ ನಕ್ಷೆಗಳನ್ನು ನೋಡಿ ಹೊಲಿದ ಸೀರೆ, ಕುಬಸಗಳು ಕಲಿಯಲು ಬರುವವರ ಮನೆಗಳಲ್ಲಿದ್ದವು. ಎಲ್ಲರಿಗೂ ತರಲು ಹೇಳಿ ಕಳಿಸಿದರು.

ಮುಂದಿನ ಮಂಗಳವಾರ ಹೆಂಗಸರು ಬಂದರು. ನಡುಮನೆಯಲ್ಲಿ ಕಂಬಳಿ ಹಾಸಿತ್ತು. ನಾನು ಮೂಲೆಯಲ್ಲಿ ಯಂತ್ರದ ಮುಂದೆ ಕೂತು ಒಂದೊಂದೇ ನಕ್ಷೆ ತೆರೆದು, ವೈನಿ ಹೇಳಿದ ಎಣಿಕೆಯನ್ನು ಪರದೆಯ ಮೇಲೆ ತಾಳೆ ನೋಡುತ್ತಿದ್ದೆ. ವೈನಿ ಬಟ್ಟೆಯನ್ನು ಹಿಂಬದಿ ಮೇಲೆ ಮಾಡಿ ಮಡಿಲಲ್ಲಿ ಹಾಕಿಕೊಂಡು ಬೆರಳಾಡಿಸಿ ಎಣಿಸುತ್ತಿದ್ದರು. ತುಳಸಿ ಕಟ್ಟೆ ಸರಿಹೋಯಿತು. ನವಿಲಿನ ಗರಿಯಲ್ಲಿ ಪರದೆಯ ಮೇಲೆ ಒಂದು ಚುಕ್ಕಿ ಕಡಿಮೆ ಇತ್ತು, ಬಟ್ಟೆಯಲ್ಲಿ ಇತ್ತು. ಅದನ್ನು ಇಟ್ಟೆ.

"ಮಷೀನಿಂದ ಇದು, ಅಲ್ರಿ?" ಎಂದಳು ಒಬ್ಬಳು.

"ಹೌದ್ರಿ, ಮಷೀನಿಂದು," ಎಂದೆ. ಎಲ್ಲರೂ ನಕ್ಕರು. ಊರಿನ ಹಿರಿಯಳೊಬ್ಬಳು, "ನಮ್ಮನ್ಯಾವಂಗೂ ಇದ ಹೇಳ್ತೀನಿ ಇನ್ನ. ಪ್ಯಾಟ್ಯಾಗಿಂದ ಏನರ ತರೂದು ಮರತು ಬಂದ್ರ, ರ‍್ಯಾಮ್ ಬದಲಸ್ರಿ ಅಂತ," ಎಂದಳು.

ಆಮೇಲೆ ತೊಟ್ಟಿಲು. ಕುಬಿಹಾಳದ ಸೊಸೆ ತಂದ ಕುಬಸ. ವೈನಿಯ ಬೆರಳು ಒಂದು ಕಡೆ ನಿಂತಿತು. ಸ್ವಲ್ಪ ಹಿಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಇದೇನ್ ಬೇ?"

"ಏನ್ರಿ ಅಕ್ಕಾರ?"

"ಗಂಟು."

ಅವಳು ಬಗ್ಗಿ ನೋಡಿದಳು. "ದಾರ ಮುಗದಿತ್ತರಿ ಅಲ್ಲಿ."

"ದಾರ ಮುಗದ್ರ ಎಳಿ ಒಳಗ ಹೆಂಗ ಸೇರಸೂದಂತ ಕಲಿಸೀನಿ ನಿನಗ. ಇದು ದಾರ ಮುಗದು ಹಾಕಿದ್ದಲ್ಲ. ಹಾದಿ ಸಿಗದ ಹಾಕಿದ್ದು. ಖರೇ ಹೇಳು."

ಅವಳು ಸೆರಗಿನ ಅಂಚು ತಿರುವುತ್ತ ಕೂತಳು. ಹಿರಿಯಳು ಹೇಳಿದಳು, "ಹೋಗ್ಲಿ ಬಿಡ್ರಿ ಅಕ್ಕಾರ. ನನ್ನ ಸೀರೀ ತೊಟ್ಟಿಲದಾಗೂ ಐತಿ ಅದು. ಒಂದ ಸಣ್ಣ ಗಂಟು, ಯಾರಿಗೆ ಕಾಣ್ತೈತಿ?"

ವೈನಿ ಅವಳ ಕಡೆ ಕೈ ಚಾಚಿದರು. ಸೀರೆ ಬಂತು. ಅದರಲ್ಲೂ, ತೊಟ್ಟಿಲ ಸರಪಳಿ ಕೆಳಗೆ ಇಳಿಯುವ ಜಾಗದಲ್ಲೇ, ಗಂಟು ಇತ್ತು. ಮೂರನೆಯದರಲ್ಲಿ ಗಂಟು ಇರಲಿಲ್ಲ. ಅದನ್ನು ಹೊಲಿದವಳು ಒಂದು ಹೊಲಿಗೆ ತಾನೇ ಸೇರಿಸಿ ದಾರವನ್ನು ಬೇರೆ ಕಡೆಯಿಂದ ತಿರುಗಿಸಿಕೊಂಡಿದ್ದಳು.

"ಈ ಕುಬಸ ಯಾವಾಗ ಹೊಲದದ್ದು?"

"ಮಾಘದಾಗ್ರಿ. ನಮ್ಮ ನಾದಿನೀ ಲಗ್ನಕ್ಕ."

"ಅವತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳೂದ್ರಿ? ನಿಮ್ಮ ಕಣ್ಣ ಹಿಂಗಿರುವಾಗ..."

"ಬಾಯಿ ಮುಚ್ಚ ಬೇ," ಎಂದಳು ಹಿರಿಯಳು.

"ಆಕೀ ಬಾಯಿ ಯಾಕ ಮುಚ್ಚಸ್ತಿ?" ಎಂದರು ವೈನಿ. ದನಿ ಏರಿರಲಿಲ್ಲ. "ಮಾಘದಿಂದ ಎಲ್ಲಾರೂ ಮುಚಗೊಂಡ ಕುಂತೀರಿ." ಮತ್ತೆ ಸೊಸೆಯ ಕಡೆ ತಿರುಗಿ ಕೇಳಿದರು, "ಹಂಗಾರ ಆನೀ ಕಾಲಿಂದ ಯಾಕ ಹೇಳಿದಿ?"

"ಅದು ಮುಂದಿನ ಬಾಜೂಕೂ ಕಾಣತಿತ್ರಿ ಅಕ್ಕಾರ. ಮುಚ್ಚಾಕ ಬರಲಿಲ್ಲ."

ವೈನಿ ಕುಬಸವನ್ನು ಮಡಚಿ ಅವಳ ಮುಂದೆ ಇಟ್ಟರು. ನಂತರ ನನ್ನನ್ನು ಕರೆದರು.

"ಮೈದನಾರ, ಕಾಕಾನ ರ‍್ಯಾಮ್ ಮನೀಗೆ ಬಂದದ್ದು ಯಾವಾಗ?"

"ಕಾರಹುಣ್ಣಿಮಿ ಆದ ಮ್ಯಾಲ, ಜೂನಿನ್ಯಾಗ."

"ಇದು ಮಾಘದ್ದು."

"ಹೌದ್ರಿ."

ಬಾಗಿಲಲ್ಲಿ ನಿಂತಿದ್ದ ಅಣ್ಣ ನಡುವೆ ಬಂದ. "ಮಾಘದಾಗೂ ಮಷೀನ್ ಕೆಟ್ಟಿರಬಹುದಲ್ಲಲೇ? ಹಳೇ ಮಷೀನ್ ಅದು."

"ನಮ್ಮ ರ‍್ಯಾಮ್ ಒಂದ ಇದ್ದಾಗ ಪರೀಕ್ಷಾದಾಗ ತಪ್ಪ ಬಂದಿಲ್ಲ," ಎಂದೆ.

"ಅದು ಈಗಿನ ಮಾತು. ಮಾಘದಾಗ ನೀ ನೋಡಿದ್ದಿ?"

"ಇಲ್ಲ. ಮಾಘದಾಗ ನಾ ನೋಡಿಲ್ಲ."

ವೈನಿ ಇಬ್ಬರ ಮಾತನ್ನೂ ಕೇಳಿಸಿಕೊಂಡರು. "ನಿಮಗ ಏನ ಅನಸ್ತೈತಿ ಅದನ್ನ ಹೇಳ್ರಿ," ಎಂದು ನನ್ನನ್ನು ಕೇಳಿದರು. "ನೀವು ಪೇಪರಿನ್ಯಾಗ ಬರೀಬೇಕಾದ್ರ ಏನ ಬರೀತಿದ್ರಿ?"

ಆನೆ, ಗೋಪುರ, ನವಿಲು ಯಂತ್ರದಿಂದ ಕೆಟ್ಟಿವೆ, ತೊಟ್ಟಿಲು ಯಂತ್ರದಿಂದ ಕೆಟ್ಟಿದೆ ಎನ್ನಲು ಏನೂ ಇಲ್ಲ ಎಂದು ಹೇಳಿದೆ.

"ಹಂಗಾರ ಅದು ನಂದು," ಎಂದರು. "ಬಿಡ್ರಿ."

ಹೆಂಗಸರು ಚಹಾ ಕುಡಿಯದೆ ಎದ್ದರು. ಕುಬಿಹಾಳದ ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಸೊಸೆ ಬಸ್ ನಿಲ್ಲುವ ಕಟ್ಟೆಯ ಮೇಲೆ ಮಡಚಿದ ಕುಬಸವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕೂತಿದ್ದನ್ನು ನಾನು ಅದೇ ಬಸ್ಸಿಗೆ ಹೋಗುವಾಗ ಕಂಡೆ. ನನ್ನನ್ನು ನೋಡಿ ಎದ್ದು ನಿಂತಳು. "ನಾ ಸುಮ್ನ ಇರಬೇಕಾಗಿತ್ತೇನ್ರಿ?" ಎಂದು ಕೇಳಿದಳು. ಯಾವಾಗ ಸುಮ್ಮನೆ ಇರಬೇಕಾಗಿತ್ತು ಎಂದು ಕೇಳಿದೆ. ಮಾಘದಲ್ಲೋ, ಜುಲೈಯಲ್ಲೋ, ಇವತ್ತೋ ಎಂದು. ಬಸ್ ಬಂತು.

ಅಣ್ಣ ಕೆಲವು ವಾರ ನನಗೆ ಫೋನ್ ಮಾಡಲಿಲ್ಲ. ಮಾಡಿದಾಗ ಮೊದಲ ಮಾತೇ ಅದು. "ಮಷೀನಿಂದ ಅಂದಿದ್ರ ನೀ ಏನ್ ಕಳಕೋತಿದ್ದಿ? ಕಾಕಾ ಅಂದ, ಊರೆಲ್ಲಾ ಅಂತು. ನೀ ಒಬ್ಬಾಂವ ಅನ್ನಲಿಲ್ಲ."

"ವೈನಿ ನನ್ನ ಕೇಳಿದ್ರು ಅಣ್ಣಾ."

"ಕೇಳಿದ್ರ? ಕೇಳಿದವರಿಗೆಲ್ಲಾ ಹೇಳೂದ ಏನು?"

ಆಮೇಲೆ ಕಾಕಾನ ಹತ್ತಿ ಚೆನ್ನಾಗಿ ಬಂದಿದೆ ಎಂದು ಹೇಳಿ ಅಣ್ಣ ಫೋನ್ ಇಟ್ಟ.

ಮಂಗಳವಾರದ ಪಾಠ ಆಮೇಲೆ ನಡೆಯಲಿಲ್ಲ. ಶ್ರಾವಣ ಬಂತು, ಹೆಂಗಸರಿಗೆ ಹಬ್ಬದ ಕೆಲಸ ಎಂದಾಯಿತು. ದಸರೆಯ ನಂತರ ಹಿಂಗಾರಿ ಬಿತ್ತಿಗೆ ಎಂದಾಯಿತು. ಕೆಲವರು ಮನೆಗೆ ಬಂದು ಆನೆ, ಗೋಪುರದ ನಕ್ಷೆಗಳನ್ನು ಅಣ್ಣನ ಕೈಯಲ್ಲಿ ಮುದ್ರಿಸಿಕೊಂಡು ಹೋದರು. ಯಂತ್ರ ಒಂದೇ ಪಟ್ಟಿಯ ಮೇಲೆ ನಡೆಯುತ್ತಿದೆ, ಇದುವರೆಗೆ ನಿಂತಿಲ್ಲ. ಹುಬ್ಬಳ್ಳಿಯ ತಪಾಸಣೆಯಲ್ಲಿ ವೈನಿಯ ಎಡಗಣ್ಣಿನ ನೋಟ ಇನ್ನಷ್ಟು ಕಿರಿದಾಗಿದೆ, ಬಲಗಣ್ಣು ಹಾಗೇ ಇದೆ ಎಂದು ಹೇಳಿದ್ದಾರೆ. ಹನಿ ಬದಲಾಯಿಸಿದ್ದಾರೆ.

ತೊಟ್ಟಿಲಿನ ನಕ್ಷೆಯನ್ನು ಯಾರೂ ತಿದ್ದಿಲ್ಲ. ಒಂದು ಚುಕ್ಕಿ ಎಲ್ಲಿ ಇರಬೇಕು ಎನ್ನುವುದಕ್ಕೆ ಎರಡು ಜಾಗಗಳಿವೆ. ಎರಡರಲ್ಲಿ ಯಾವುದಕ್ಕೆ ಇಟ್ಟರೂ ದಾರ ತಿರುಗಿ ಬರುತ್ತದೆ. ತಮ್ಮ ತಾಯಿ ಇಟ್ಟದ್ದು ಯಾವ ಕಡೆ ಎಂದು ವೈನಿ ಹೇಳಲಾರರು. ಬಿಳಿ ಬಟ್ಟೆಯ ಮೇಲೆ ಸೂಜಿ ಹಿಡಿದು ಕೈಗೆ ತಾನಾಗಿ ಬರುತ್ತದೆಯೇ ಎಂದು ಕೂತು ನೋಡಿದರು. ಸರಪಳಿ ಇಳಿಯುವ ಜಾಗಕ್ಕೆ ಬಂದು ಸೂಜಿ ನಿಂತಿತು. ಆ ಬಟ್ಟೆಯನ್ನು ಮಡಚಿ ಇಟ್ಟರು.

ಕಳೆದ ತಿಂಗಳು ಕುಬಿಹಾಳದ ಸೊಸೆ ಯಾರೂ ಕರೆಯದೆ ಬಂದಳು. ಹೊಸದಾಗಿ ಹೊಲಿದ ಒಂದು ತೊಟ್ಟಿಲನ್ನು ಹಿಂಬದಿ ಮೇಲೆ ಮಾಡಿ ವೈನಿಯ ಕೈಗೆ ಕೊಟ್ಟಳು. ವೈನಿ ಬೆರಳಾಡಿಸಿ ನೋಡಿದರು. ಗಂಟು ಇರಲಿಲ್ಲ. ಚಲೋ ಹೊಲಿದಿದ್ದಿ, ಆದರೆ ಇದು ನಮ್ಮವ್ವನ ತೊಟ್ಟಿಲು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ ಎಂದು ಹೇಳಿ, ಬಟ್ಟೆಯನ್ನು ಅವಳಿಗೆ ತಿರುಗಿ ಕೊಟ್ಟರು.